ಡಿಕ್ಕಿಯ ನೆಲದಲ್ಲಿ ಒಂದು ರೂಪಾಯಿಯಗಲ

ನಮ್ಮ ಕಾರಿನ ಹಿಂದಿನ ಸೀಟು ಆಯಿಯದು, ಅಂದರೆ ನನ್ನ ಅಮ್ಮನದು. ಮುಂದೆ ಕೂತರೆ ಎದುರು ಬರುವ ಲಾರಿಗಳೆಲ್ಲ ತನ್ನ ಮಡಿಲಿಗೇ ಬಂದ ಹಾಗಾಗುತ್ತದೆ ಎನ್ನುತ್ತಾಳೆ. ತಿಂಗಳಿಗೊಂದು ಭಾನುವಾರ ಭಟ್ಕಳದ ಹತ್ತಿರದ ನಮ್ಮ ಮುಟ್ಟಳ್ಳಿಯಿಂದ ಕುಮಟೆಯ ದೊಡ್ಡಮ್ಮನ ಮನೆಗೆ ಹೊರಟರೆ ಸ್ಟೇರಿಂಗಿಗೆ ಅಪ್ಪ, ಅವನ ಪಕ್ಕಕ್ಕೆ ನಾನು, ಹಿಂದೆ ಆಯಿ. ತೊಂದರೆ ಒಂದೇ. ಆಯಿಗೆ ಹಳೆಯ ಸಿನೆಮಾ ಹಾಡೆಂದರೆ ಜೀವ, ಹಾಡು ಮಾತ್ರ ಮುಂದಿನ ಬಾಗಿಲ ಸ್ಪೀಕರಿನಲ್ಲೇ ಮುಗಿದುಹೋಗುತ್ತಿತ್ತು. ಹಿಂದಕ್ಕೆ ಮುಟ್ಟುತ್ತಿದ್ದದ್ದು ಎಂಜಿನ್ನಿನ ಸದ್ದು, ನಡುನಡುವೆ ಒಂದಿಷ್ಟು ತಬಲ.

ದೊಡ್ಡಮ್ಮನ ಮಗ, ಅಂದರೆ ನನ್ನ ಅಣ್ಣ, ಕುಮಟೆಯಲ್ಲಿ ಕಾರಿಗೆ ಸೀಟ್ ಕವರು, ಸ್ಪೀಕರು ಹಾಕುವ ಅಂಗಡಿ ಇಟ್ಟಿದ್ದಾನೆ. ದೀಪಾವಳಿ ಕಳೆದ ಮೇಲೆ ಅವನೇ ಹಿಂದೆ ಎರಡು ಸ್ಪೀಕರ್ ಕೂರಿಸಿ, ಡಿಕ್ಕಿಯೊಳಗೆ ಒಂದು ಆಂಪ್ಲಿಫೈಯರ್ ಇಟ್ಟುಕೊಟ್ಟ. ನಿಂತ ಕಾರಿನಲ್ಲಿ ಹಾಡು ಚೊಕ್ಕವಾಗಿತ್ತು. ಎಂಜಿನ್ ಶುರುವಾದದ್ದೇ ಹಾಡಿನ ಬೆನ್ನಿಗೆ ಕುಂಯ್ ಎಂಬ ಕೊರೆತ. ಆಕ್ಸಿಲರೇಟರ್ ಒತ್ತಿದರೆ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಮನೆಗೆ ವಾಪಸು ಬರುವಾಗ ಹೊನ್ನಾವರ ದಾಟುವಷ್ಟರಲ್ಲಿ ಆಯಿ ಸೆರಗಿನಿಂದ ಕಿವಿ ಮುಚ್ಚಿಕೊಂಡಿದ್ದಳು.

"ಹಾಡೂದು ಸೊಳ್ಳೆ. ಇವರೆಲ್ಲ ಅದಕ್ಕೆ ಹಿಮ್ಮೇಳ," ಅಂದಳು.

"ಮುಂದಿನ ಸಲ ಹೋದಾಗ ಬಿಚ್ಚಿಸಿ ಅವನಿಗೇ ಕೊಟ್ಟು ಬರೂದು," ಅಂದ ಅಪ್ಪ.

ಆಯಿ ಕಿವಿಯ ಸೆರಗನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ತನಗಾಗಿ ಏನನ್ನೂ ಎರಡನೇ ಸಲ ಕೇಳುವವಳಲ್ಲ ಅವಳು. ಈ ಡಬ್ಬಿ ಒಮ್ಮೆ ಇಳಿಯಿತೆಂದರೆ ಹಿಂದಿನ ಸೀಟಿಗೆ ಇನ್ನು ಹಾಡಿಲ್ಲ ಅಂತ ನನಗೆ ಗೊತ್ತಿತ್ತು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ನಿಂತವಳು ನಾನು. ಯಾರು ಏನು ಹೇಳಿದರೂ ಆಧಾರ ಎಲ್ಲಿ ಎಂದು ಕೇಳುವ ಚಟ ಅಲ್ಲಿಂದ ಅಂಟಿದ್ದು. ಈ ಕೊರೆತದ ಬಗ್ಗೆ ಅಭಿಪ್ರಾಯಗಳಿಗೇನೂ ಕೊರತೆ ಇರಲಿಲ್ಲ. ಸ್ಪೀಕರೇ ನಕಲಿ ಎಂದರು ಹೆಬಳೆಯಿಂದ ಬಂದಿದ್ದ ಅಪ್ಪನ ಸ್ನೇಹಿತರು. ಹೈವೇ ಪಕ್ಕದ ಕರೆಂಟ್ ಲೈನಿನ ಪ್ರಭಾವ ಎಂದ ಅಪ್ಪ.

"ನಿನ್ನ ಕಾಲು ಎಷ್ಟು ಒತ್ತಿತು ಅಂತ ಆ ಲೈನಿಗೆ ಹೇಗೆ ಗೊತ್ತಾಗೂದು?" ಎಂದೆ.

"ನಿನ್ನ ಹತ್ರ ಮಾತಾಡೂದೇ ಕಷ್ಟ ಮಾರಾಯ್ತಿ."

ನಾನು ಓದಿಕೊಂಡದ್ದು ಇಷ್ಟು. ಆಂಪ್ಲಿಫೈಯರಿಗೆ ಕರೆಂಟು ಬ್ಯಾಟರಿಯಿಂದ ಕೆಂಪು ವೈರಿನಲ್ಲಿ ಬರುತ್ತದೆ, ವಾಪಸು ಹೋಗುವುದು ಕಾರಿನ ಕಬ್ಬಿಣದ ಮೈಯೊಳಗಿಂದ. ಅದಕ್ಕಾಗಿ ಗಿಡ್ಡದೊಂದು ಕಪ್ಪು ವೈರನ್ನು ಮೈಗೆ ಬಿಗಿದಿರುತ್ತಾರೆ. ಆ ಜಾಗ ಸಡಿಲವಿದ್ದರೆ ಎಂಜಿನ್ನಿನ ಜೊತೆ ತಿರುಗಿ ಕರೆಂಟು ಹುಟ್ಟಿಸುವ ಆಲ್ಟರ್ನೇಟರಿನ ಗದ್ದಲ ಹಾಡಿನೊಳಗೆ ನುಗ್ಗುತ್ತದೆ. ಓದಿದ್ದನ್ನೂ ನಂಬಬೇಕೆಂದಿಲ್ಲವಲ್ಲ. ಬಾವಿಯ ಪಂಪಿಗೆ ಹಾಕಿ ಮಿಕ್ಕಿದ ದಪ್ಪ ವೈರು ಕೊಟ್ಟಿಗೆಯಲ್ಲಿತ್ತು. ಕಪ್ಪು ವೈರನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ಅದರ ಜಾಗಕ್ಕೆ ಈ ಉದ್ದ ವೈರನ್ನು ಹಾಕಿ, ಕಾರಿನ ಹೊರಗಿಂದಲೇ ಎಳೆದು ಬ್ಯಾಟರಿಯ ಮೈನಸ್ಸಿಗೆ ಸಿಕ್ಕಿಸಿದೆ. ಎಂಜಿನ್ ಶುರು ಮಾಡಿಸಿದೆ. ಅಪ್ಪ ಎಷ್ಟು ಒತ್ತಿದರೂ ಸೊಳ್ಳೆ ಇಲ್ಲ.

ತಪ್ಪು ಎಲ್ಲಿದೆ ಅಂತ ಆಗ ಖಾತ್ರಿಯಾಯಿತು. ಅಣ್ಣ ಕಪ್ಪು ವೈರನ್ನು ಡಿಕ್ಕಿಯ ನೆಲಕ್ಕೆ ಸ್ಕ್ರೂ ಹಾಕಿ ಕೂರಿಸಿದ್ದ. ಆ ನೆಲ ಅಪ್ಪನ ಕೈಕೆಲಸ. ನಮ್ಮ ಕಡೆ ಕಾರು ಸಾಯುವುದು ತುಕ್ಕಿನಿಂದ. ಉಪ್ಪುಗಾಳಿ ಸಾಲದೆಂಬಂತೆ ಭಟ್ಕಳದ ಪೇಟೆಯಿಂದ ತಂದ ಮೀನಿನ ಚೀಲ ಡಿಕ್ಕಿಯಲ್ಲೇ ಸೋರುತ್ತದೆ. ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಅಪ್ಪ ಅಲ್ಲಿಗೆ ಒಂದು ಕೈ ರೆಡ್ ಆಕ್ಸೈಡು, ಅದರ ಮೇಲೊಂದು ಕೈ ಕಪ್ಪು ಬಣ್ಣ ಹೊಡೆಯುತ್ತಾನೆ. ವರ್ಷವರ್ಷದ ಬಣ್ಣ ಸೇರಿ ದೋಸೆಯಷ್ಟು ದಪ್ಪವಾಗಿತ್ತು.

ಅಣ್ಣನಿಗೆ ಫೋನು ಮಾಡಿದೆ. "ಬಣ್ಣ ಕೆರೆದು ಹಾಕ್ಬೇಕಿತ್ತು ಅಲ್ದಾ?"

"ಚಿಕ್ಕಪ್ಪನ ಬಣ್ಣ ಕೆರೆಯೂದಾ? ಅವರು ನನ್ನ ಚರ್ಮ ಕೆರೀತಿದ್ರು ತಂಗಿ. ಇಲ್ಲಿ ಯಾರ ಗಾಡೀನೂ ನಾ ಕೆರೆಯೂದಿಲ್ಲ. ಕೆರೀತೆ ಅಂದ್ರೆ ಗಿರಾಕಿ ಹಂಗೇ ಗಾಡಿ ತಿರುಗಿಸ್ಕೊಂಡು ಹೋಗ್ತಾರೆ."

ಅಪ್ಪ ಪಕ್ಕದಲ್ಲೇ ನಿಂತು ಕೇಳಿಸಿಕೊಂಡ. "ಸರಿಯಾಗೇ ಹೇಳಿದ. ಒಂದು ಸಲ ಕೆರೆದ್ರೆ ಉಪ್ಪು ಹಿಡೀತದೆ. ಒಂದು ಮಳೆಗಾಲ ಸಾಕು, ಡಿಕ್ಕಿಯಿಂದ ರಸ್ತೆ ಕಾಣ್ತದೆ."

"ಕೆರೆಯದಿದ್ರೆ ಕರೆಂಟು ಹೇಗೆ ಹೋಗೂದು?"

"ಸ್ಕ್ರೂ ಹಾಕಿದ್ದಾನಲ್ಲ."

"ಕಬ್ಬಿಣಕ್ಕೆ ತಾಗಿದ್ದು ಸ್ಕ್ರೂವಿನ ಹಲ್ಲು ಮಾತ್ರ. ವೈರಿನ ತುದಿಯ ಬಳೆ ನಿನ್ನ ಬಣ್ಣದ ಮೇಲೆ ಕೂತಿದೆ."

"ಹಂಗಾದ್ರೆ ನನ್ನ ಬಣ್ಣ ಗಟ್ಟಿ ಅಂತ ಆತಲ್ಲ."

ಎದುರಾಳಿಯ ವಾದದಲ್ಲಿ ನಿಜವಿದ್ದರೆ ಅದನ್ನು ಕಸಿದುಕೊಂಡು ನಮ್ಮ ಕಡೆ ಸೇರಿಸಿಕೊಳ್ಳಬೇಕು. ತುಕ್ಕು ಸುಳ್ಳಲ್ಲ. ಕೆರೆದ ಜಾಗಕ್ಕೆ ತುಕ್ಕು ಹಿಡಿದರೆ ಕರೆಂಟಿನ ದಾರಿಯೂ ಮುಚ್ಚುತ್ತದೆ, ಸೊಳ್ಳೆ ವಾಪಸು ಬರುತ್ತದೆ. ಹಾಗಾಗಿ ಹೇಳಿದೆ: "ಬಳೆ ಕೂರುವಷ್ಟೇ ಕೆರೆಯೋಣ. ಬಿಗಿದ ಮೇಲೆ ಅದರ ಮೇಲೆ ನೀನೇ ಬಣ್ಣ ಹೊಡಿ. ಎಷ್ಟು ಕೈ ಬೇಕಾದರೂ."

ಅಪ್ಪ ಸ್ಯಾಂಡ್ ಪೇಪರ್ ಹುಡುಕತೊಡಗಿದ. "ಮೊದಲೇ ಹಂಗೆ ಹೇಳೂಕೆ ಎಂತ ಆಗಿತ್ತು ನಿಂಗೆ?"

ಕೆರೆಯಲು ನನಗೆ ಕೊಡಲಿಲ್ಲ. ಕೆಳಗೆ ಪೆಟ್ರೋಲ್ ಟ್ಯಾಂಕಾಗಲಿ ಪೈಪಾಗಲಿ ಇಲ್ಲದ ಜಾಗವನ್ನು ಬಗ್ಗಿ ನೋಡಿ ಗೊತ್ತುಮಾಡಿದ. ಅಲ್ಲಿ ಒಂದು ರೂಪಾಯಿ ನಾಣ್ಯವಿಟ್ಟು ಸುತ್ತ ಗೆರೆ ಎಳೆದ. ಗೆರೆ ದಾಟದಂತೆ ಸ್ಯಾಂಡ್ ಪೇಪರಿನಿಂದ ಉಜ್ಜಿದ. ಕಪ್ಪು, ಕೆಂಪು, ಮತ್ತೆ ಕಪ್ಪು, ಮತ್ತೆ ಕೆಂಪು ಪುಡಿ ಎದ್ದಿತು. ಕೊನೆಗೆ ಕಬ್ಬಿಣ ಬೆಳ್ಳಗೆ ಹೊಳೆಯಿತು. ಒಂದು ಚುಕ್ಕೆ ತುಕ್ಕಿಲ್ಲ. "ಕಂಡ್ಯಾ?" ಎಂದ. ಕಂಡೆ, ಒಪ್ಪಿದೆ. ತೂತು ಕೊರೆದು, ಹಲ್ಲಿರುವ ವಾಷರ್ ಹಾಕಿ, ಬೋಲ್ಟು ನಟ್ಟಿನಲ್ಲಿ ವೈರಿನ ಬಳೆಯನ್ನು ಅಲ್ಲಾಡದಂತೆ ಬಿಗಿದೆವು. ಮೇಲಿಂದಲೂ ಕಾರಿನಡಿಯಿಂದಲೂ ಅವನು ಹೊಡೆದ ಬಣ್ಣ ಒಣಗಲು ಇಡೀ ದಿನ ಬೇಕಾಯಿತು.

ಮುಂದಿನ ಸಲ ಕುಮಟೆಗೆ ಹೊರಟಾಗ ಹೊನ್ನಾವರದ ಈಚೆಯ ಕಾಸರಕೋಡು ಬಂದರೂ ಆಯಿಯ ಕೈ ಕಿವಿಗೆ ಹೋಗಲಿಲ್ಲ. ಸೆರಗು ಹೆಗಲ ಮೇಲೇ ಇತ್ತು. ಶರಾವತಿ ಸೇತುವೆ ಹತ್ತುವಾಗ ಮುಂದಕ್ಕೆ ಬಾಗಿದಳು.

"ಇಲ್ಲಿ ಹಾಡೂವಳು ಉಸಿರು ಎಳ್ಕೊಳ್ತಾಳೆ," ಅಂದಳು. "ಎಷ್ಟು ವರ್ಷದಿಂದ ಕೇಳಿದ ಹಾಡು, ಇದು ಕೇಳೇ ಇರಲಿಲ್ಲ."

"ಬಣ್ಣ ಗಟ್ಟಿ ಇದ್ದದ್ದಕ್ಕೆ," ಅಂದ ಅಪ್ಪ.

"ಕೆರೆದದ್ದಕ್ಕೆ," ಅಂದೆ ನಾನು.

"ಇಬ್ಬರೂ ಸುಮ್ನಿರಿ. ಮತ್ತೊಂದು ಸಲ ಹಾಕು."

ಹಾಕಿದೆ. ಆ ಸಾಲು ಬರುವ ಮುಂಚೆಯೇ ಅಪ್ಪ ಕಾರನ್ನು ನಿಧಾನ ಮಾಡಿದ. ಉಸಿರು ಬಂತು, ಹಿಂದಿನ ಸೀಟಿನಿಂದ ಅದರ ಜೊತೆಗೇ ಇನ್ನೊಂದು ಉಸಿರು ಕೇಳಿಸಿತು. ಆಮೇಲೆ ಆಯಿ ಹಾಡತೊಡಗಿದಳು, ಶ್ರುತಿ ಸ್ವಲ್ಪ ತಪ್ಪಿಯೇ.