ದೀಪದ ಹೊತ್ತಿನ ಬಾಗಿಲು

ಪ್ರತಿ ಬೇಸಿಗೆಯಲ್ಲಿ ಪಿಯುಸಿ ಉತ್ತರ ಪತ್ರಿಕೆ ತಿದ್ದಲು ನನ್ನನ್ನು ಬೆಂಗಳೂರಿಗೆ ಕರೆಯುತ್ತಾರೆ. ಹತ್ತು ಹನ್ನೆರಡು ದಿನದ ಕೆಲಸ. ಸೇಡಂನಲ್ಲಿ ಪ್ಯಾಸೆಂಜರ್ ಹತ್ತಿ, ಚಿತ್ತಾಪುರ ದಾಟಿ ವಾಡಿಯಲ್ಲಿ ಇಳಿದು, ಅಲ್ಲಿ ಸುಡುವ ಕಲ್ಲುಬೆಂಚಿನ ಮೇಲೆ ಕುಳಿತು ಬೆಂಗಳೂರಿನ ಗಾಡಿಗೆ ಕಾಯಬೇಕು. ಇಪ್ಪತ್ತೆರಡು ವರ್ಷದಿಂದ ಇತಿಹಾಸ ಪಾಠ ಮಾಡಿ ಮಾಡಿ ಗಂಟಲು ಒಣಗಿದೆ. ಆ ಹುಡುಗರ ಅಕ್ಷರ ಓದಿ ಓದಿ ಕಣ್ಣೂ ಸಾಕಾಗಿ ಹೋಗಿದೆ. ಆದರೂ ಸರಕಾರದ ಆದೇಶ ಬಂದರೆ ಹೋಗಬೇಕು, ಗೊಣಗಿಕೊಂಡಾದರೂ ಹೋಗುತ್ತಿದ್ದೆ. ಆದರೆ ಹೋದ ವರ್ಷ ಆದೇಶ ಕೈಗೆ ಬಂದಾಗ ಹೇಗೆ ಹೋಗುವುದೆಂದೇ ತಿಳಿಯಲಿಲ್ಲ. ಮನೆಯಲ್ಲಿ ಕುರುಡು ಬೆಕ್ಕಿತ್ತು.

ಹನ್ನೆರಡು ವರ್ಷದ ಹೆಣ್ಣು ಬೆಕ್ಕು. ಸಂಕ್ರಾಂತಿ ಆದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಿತು. ದನದ ದವಾಖಾನೆಗೆ ಒಯ್ದೆ. ಎಮ್ಮೆ, ಹೋರಿ ನೋಡುವ ಡಾಕ್ಟರು ಅದರ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿ, ಇನ್ನು ದೃಷ್ಟಿ ಬರುವುದಿಲ್ಲ ಎಂದರು. ನಾನು ಎರಡು ದಿನ ಅತ್ತೆ, ಅದು ಅಳಲಿಲ್ಲ. ಒಂದು ತಿಂಗಳಲ್ಲಿ ಇಡೀ ಮನೆಯನ್ನು ಮೀಸೆಯಿಂದಲೇ ಕಲಿತುಕೊಂಡಿತು. ಅಡುಗೆಮನೆಯ ಕಟ್ಟೆ, ಮಂಚದ ಕಾಲು, ನೀರಿನ ಬಟ್ಟಲು, ಎಲ್ಲಾ ಗೊತ್ತು. ನಾನು ಒಂದು ಕುರ್ಚಿಯನ್ನೂ ಆಚೀಚೆ ಸರಿಸುತ್ತಿರಲಿಲ್ಲ. ಆದರೆ ನಮ್ಮ ಮುಂಬಾಗಿಲು ನೇರ ರಸ್ತೆಗೇ ತೆರೆಯುತ್ತದೆ. ಆ ರಸ್ತೆಯಲ್ಲಿ ಕೋಡ್ಲಾದ ಸಿಮೆಂಟ್ ಲಾರಿಗಳು ಹಗಲೆಲ್ಲ ಓಡುತ್ತವೆ. ಹೊಸ್ತಿಲು ದಾಟಿದರೆ ಆ ಜೀವ ಉಳಿಯುವುದಿಲ್ಲ, ಅಷ್ಟೇ ಮಾತು.

ಶಹಾಬಾದದಲ್ಲಿರುವ ನನ್ನ ತಂಗಿ, ತನ್ನ ಮನೆಯಲ್ಲಿ ತಂದು ಬಿಡು ಎಂದಳು. ಒಮ್ಮೆ ಬಿಟ್ಟೂ ನೋಡಿದ್ದೆ. ಗೊತ್ತಿಲ್ಲದ ಮನೆಯಲ್ಲಿ ಅದು ಮಂಚದ ಕೆಳಗೆ ಸೇರಿ ಎರಡು ದಿನ ಹನಿ ನೀರು ಮುಟ್ಟಲಿಲ್ಲ. ಅದು ಮನೆಯಲ್ಲೇ ಇರಬೇಕು, ನೋಡುವವರು ಬರಬೇಕು. ಎದುರು ಮನೆಯಾಕೆಯನ್ನು ಕೇಳುವ ಹಾಗಿಲ್ಲ, ಬೆಕ್ಕು ಅಡ್ಡ ಬಂದರೆ ಚಪ್ಪಲಿ ಬಿಟ್ಟು ಒಳಗೆ ಹೋಗಿ ನೀರು ಕುಡಿದು ಮತ್ತೆ ಹೊರಡುವ ಹೆಂಗಸು. ಪಕ್ಕದ ಮನೆಯ ಚಾಚಿಗೆ ಬೆಕ್ಕೆಂದರೆ ಪ್ರಾಣ, ಆದರೆ ಅವರು ಮಗಳ ಬಾಣಂತನಕ್ಕೆ ತಾಂಡೂರಿಗೆ ಹೊರಟು ನಿಂತಿದ್ದರು. ಸ್ಟಾಫ್ ರೂಮಿನಲ್ಲಿ ಹೇಳಿಕೊಂಡರೆ ಎಲ್ಲರಿಗೂ ನಗು. ಚೀಲದಲ್ಲಿ ಹಾಕಿ ಮಳಖೇಡದ ಹೊಳೆ ದಾಟಿಸಿ ಬಿಟ್ಟು ಬನ್ನಿ ಮೇಡಂ ಎಂದವರೊಬ್ಬರು, ಬೆಕ್ಕಿಗೂ ಒಂದು ಹಾಜರಿ ಪುಸ್ತಕ ಮಾಡಿ ಎಂದವರು ಇನ್ನೊಬ್ಬರು. ಬೆಂಗಳೂರಿನಲ್ಲಿ ಮೊಬೈಲಿನಲ್ಲಿ ಒತ್ತಿದರೆ ಬೆಕ್ಕು ನೋಡುವವರು ಮನೆಗೇ ಬರುತ್ತಾರಂತೆ. ಸೇಡಂನಲ್ಲಿ ಒತ್ತಿದರೆ ಗ್ಯಾಸ್ ಸಿಲಿಂಡರೂ ಹೊತ್ತಿಗೆ ಬರುವುದಿಲ್ಲ.

ಕೊನೆಗೆ ಒಪ್ಪಿದವಳು ನಮ್ಮ ಮನೆಗೆ ರೊಟ್ಟಿ ಮಾಡಲು ಬರುವಾಕೆ. ಚಿಂಚೋಳಿ ಕಡೆಯವಳು, ನನ್ನದೇ ವಯಸ್ಸು, ಮಾತು ಕಡಿಮೆ. ಒಂಬತ್ತು ವರ್ಷದಿಂದ ದಿನಾ ಬಂದು ರೊಟ್ಟಿ ಬಡಿದು ಹೋಗುತ್ತಿದ್ದಳು. ಬೆಕ್ಕನ್ನು 'ಮುದುಕಿ' ಎಂದು ಕರೆಯುತ್ತಿದ್ದಳು. ಮುಂಜಾನೆ ಒಮ್ಮೆ, ಸಂಜೆ ಒಮ್ಮೆ ಬಂದು ಅನ್ನ ಹಾಲು ಕೊಟ್ಟು, ಅದರ ಕಕ್ಕಸಿಗಿಟ್ಟ ಮಣ್ಣಿನ ತಟ್ಟೆ ಚೊಕ್ಕ ಮಾಡಿ, ಸ್ವಲ್ಪ ಹೊತ್ತು ಜೊತೆಗೆ ಕೂತು ಹೋಗಬೇಕು ಎಂದೆ. ಹೂಂ ಎಂದಳು. ಬಾಗಿಲು ಮಾತ್ರ ತೆರೆದಿಡಬೇಡ ಎಂದೆ. ಮತ್ತೆ ಹೇಳಿದೆ. ಚೀಲ ಹೆಗಲಿಗೇರಿಸುವಾಗ ಮೂರನೆಯ ಸಲ ಹೇಳಿದೆ. ಮೂರು ಸಲವೂ ಹೂಂ ಎಂದು, ಕೀಲಿಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ದಿನಾ ಸಂಜೆ ಐದು ಗಂಟೆಗೇ ಫೋನ್ ಮಾಡುತ್ತಿದ್ದೆ. ಆರಾಮ ಇದ್ದಾಳೆ, ಉಂಡಳು, ಮಲಗಿದಳು, ಇಷ್ಟೇ ಉತ್ತರ. ಆ ಇಷ್ಟರಿಂದಲೇ ನನ್ನ ದಿನ ಮುಗಿಯುತ್ತಿತ್ತು. ಆರನೆಯ ದಿನ ಮುಂಜಾನೆ, ಕಟ್ಟು ಬಿಚ್ಚಿ ಎರಡನೆಯ ಪತ್ರಿಕೆ ತಿದ್ದುತ್ತಿರುವಾಗ ಅವಳೇ ಫೋನ್ ಮಾಡಿದಳು. ಅವಳಾಗಿ ಫೋನ್ ಮಾಡುವುದೇ ಇಲ್ಲ.

"ಅಕ್ಕೋರೆ, ಮುದುಕಿ ನಿನ್ನಿ ದೀಪದ ಹೊತ್ತಿಗಿ ಹೊರಗ ಹೋಗ್ಯಾಳ್ರಿ. ರಾತ್ರೆಲ್ಲಾ ಹುಡುಕೀನಿ. ಸಿಕ್ಕಿಲ್ಲ."

ಮುಖ್ಯ ಪರೀಕ್ಷಕರ ಮುಂದೆ ಹೋಗಿ ನಿಂತೆ. ಬೆಕ್ಕು ಕಳೆದಿದೆ ಎಂದರೆ ಬಿಡುತ್ತಾರೆಯೇ? ಮನೆಯಲ್ಲಿ ಕಣ್ಣು ಕಾಣದ ಮುದುಕಿ ಒಬ್ಬಳು ತಪ್ಪಿಸಿಕೊಂಡಿದ್ದಾಳೆ ಎಂದೆ. ಪಾಪ, ಅವರ ಕಣ್ಣಲ್ಲೇ ನೀರು ಬಂತು, ಕೂಡಲೇ ಸಹಿ ಹಾಕಿದರು. ಸೀಟು ಸಿಗದೆ ಗಾಡಿಯ ಬಾಗಿಲ ಪಕ್ಕ ನೆಲದ ಮೇಲೆ ಕೂತು ಬಂದೆ. ದಾರಿಯುದ್ದಕ್ಕೂ ರಸ್ತೆಯಲ್ಲಿ ಅಂಟಿಕೊಂಡ ಒಂದು ತೊಗಲಿನ ತುಂಡೇ ಕಣ್ಣ ಮುಂದೆ.

ಮರುದಿನ ಮಧ್ಯಾಹ್ನ ಮನೆ ಮುಟ್ಟಿದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಕೂಗಿ ಕೂಗಿ ದನಿ ಬಿದ್ದುಹೋಗಿತ್ತು, ತುಟಿ ಒಣಗಿದ್ದವು. ಎರಡು ದಿನದಿಂದ ತನ್ನ ಮನೆಗೂ ಸರಿಯಾಗಿ ಹೋಗಿರಲಿಲ್ಲ. ಇದೆಲ್ಲ ನಾನು ನೋಡಿದೆ, ನೋಡಲಿಲ್ಲ ಎಂದು ಈಗ ಹೇಳಲಾರೆ. ಹೇಗಾಯಿತು ಎಂದು ಕೇಳಿದೆ. ಅವಳು ಮುಚ್ಚುಮರೆ ಮಾಡಲಿಲ್ಲ. ನಾನು ಹೋದ ದಿನದಿಂದ ದಿನಾ ಸಂಜೆ ದೇವರ ಮುಂದೆ ದೀಪ ಹಚ್ಚುತ್ತಿದ್ದಳಂತೆ. ದೀಪ ಹಚ್ಚಿದ ಮೇಲೆ ಹಿತ್ತಲ ಬಾಗಿಲು ಮುಚ್ಚಿ ಮುಂಬಾಗಿಲು ತೆರೆದಿಡುತ್ತಿದ್ದಳಂತೆ, ಎಲ್ಲರ ಮನೆಯಲ್ಲೂ ಇಡುವ ಹಾಗೆ, ಲಕ್ಷ್ಮಿ ಬರುವ ಹೊತ್ತು ಎಂದು. ಹೊಸ್ತಿಲ ಮೇಲೆ ತಾನೇ ಕಾವಲು ಕೂರುತ್ತಿದ್ದಳಂತೆ. ನಾಲ್ಕು ಸಂಜೆ ಬೆಕ್ಕು ಮಲಗೇ ಇತ್ತು. ಐದನೆಯ ಸಂಜೆ ದೀಪ ಗಾಳಿಗೆ ಆರಿತು, ಮತ್ತೆ ಹಚ್ಚಲು ಒಳಗೆ ಹೋದಳು, ತಿರುಗಿ ಬರುವಷ್ಟರಲ್ಲಿ ಅದು ಇರಲಿಲ್ಲ.

ಬಾಗಿಲು ತೆರೆಯಬೇಡ ಎಂದು ಮೂರು ಸಲ ಹೇಳಿದ್ದೆನಲ್ಲ ಎಂದೆ.

"ದೀಪದ ಹೊತ್ತಿಗಿ ಸೈತ ತೆಗಿಬಾರದು ಅಂತ ತಿಳಿಲಿಲ್ರಿ," ಎಂದಳು. "ಮಾಲಕರು ದಾರಿ ಮ್ಯಾಲಿದ್ದಾಗ ಮನಿ ಕತ್ತಲ ಇರಬಾರದ್ರಿ."

ನಾನು ದೀಪ ಹಚ್ಚುವವಳಲ್ಲ. ಕಾಲೇಜಿನಿಂದ ಬಂದು ಚೀಲ ಒಗೆದು ಚಹಾ ಕುಡಿದು ಬೀಳುವವಳು. ನಮ್ಮವ್ವ ಹೋದ ಮೇಲೆ ಆ ಮನೆಯಲ್ಲಿ ಯಾರೂ ದೀಪ ಹಚ್ಚಿರಲಿಲ್ಲ. ಅದಕ್ಕೇ ಈ ರೂಢಿ ನನ್ನ ತಲೆಗೆ ಬರಲಿಲ್ಲ, ಇದು ಇಲ್ಲದ ಮನೆಯೂ ಇರಬಹುದೆಂದು ಅವಳಿಗೆ ಹೊಳೆಯಲಿಲ್ಲ. ತಪ್ಪು ಅರ್ಧ ಅರ್ಧ. ಆದರೆ ಆಗ ನಾನು ಹಾಗೆ ಯೋಚಿಸಲಿಲ್ಲ. ನಿದ್ದೆ ಇಲ್ಲ, ಬಾಯಿಗೆ ಬಂದದ್ದು ಬಂತು.

"ಬಾಗಿಲ್ದಾಗ ಕುಂತು ಓಣಿಯವರ ಜೋಡಿ ಹರಟಿ ಹೊಡಿಲಾಕ ದೀಪದ ನೆಪ ಮಾಡಬ್ಯಾಡ. ನಂಬಿ ಮನಿ ಕೊಟ್ಟಿದ್ದೆ ನಿನಗ."

ಓಣಿಯ ಜನ ನಿಂತು ಕೇಳಿದರು. ಅವಳು ಎದ್ದು, ಸೆರಗು ಬಿಗಿದು, ಮತ್ತೆ ಹುಡುಕಲು ನಡೆದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ ನಾನು.

ಸಿಕ್ಕಿದ್ದು ಸಂಜೆ, ನಾಲ್ಕನೆಯ ಮನೆಯ ಹಿಂದೆ. ಆ ಮನೆಯವರು ನೆಲಕ್ಕೆ ಹಾಸಲು ಶಹಾಬಾದ ಕಲ್ಲು ತರಿಸಿ ಗೋಡೆಗೆ ಒರಗಿಸಿದ್ದರು. ಅವುಗಳ ಹಿಂದಿನ ಸಂದಿಯಲ್ಲಿ, ಧೂಳು ಬಡಿದು ಬಿಳಿಯಾಗಿ, ಮುದ್ದೆಯಾಗಿ ಕೂತಿತ್ತು. ನಾನು ಮಂಡಿಯೂರಿ ಕರೆದೆ. ಹನ್ನೆರಡು ವರ್ಷದಲ್ಲಿ ಇಟ್ಟ ಅಡ್ಡಹೆಸರುಗಳನ್ನೆಲ್ಲ ಕರೆದೆ. ಅದು ಇನ್ನೂ ಒಳಗೆ ಸರಿಯಿತು. ಜೋರಾಗಿ ಕರೆದೆ, ಇನ್ನೂ ಸರಿಯಿತು.

"ಸುಮ್ಮನಿರ್ರಿ ಅಕ್ಕೋರೆ," ಎಂದಳು ಹಿಂದಿನಿಂದ. "ನಿಮ್ಮ ದನ್ಯಾಗ ಸಿಟ್ಟು ಅದ. ಆಕಿಗಿ ತಿಳೀತದ."

ನಾನು ಸರಿದೆ. ಅವಳು ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಏನೂ ಮಾತಾಡದೆ ಸಂದಿಗೆ ಕೈ ಚಾಚಿ ಹಾಗೇ ಇಟ್ಟಳು. ಎಷ್ಟೋ ಹೊತ್ತು ಇಟ್ಟಳು, ಅವಳ ಭುಜ ನಡುಗುತ್ತಿದ್ದುದು ನನಗೆ ಕಾಣುತ್ತಿತ್ತು. ಆಮೇಲೆ ಬೆಕ್ಕು ತೆವಳುತ್ತ ಬಂದು ಅವಳ ಅಂಗೈ ಮೂಸಿ, ಮುಖವನ್ನು ಅದರಲ್ಲಿಟ್ಟಿತು. ನನ್ನ ಬೆಕ್ಕು. ಸಂತೋಷವಾಯಿತು, ಅದರ ಜೊತೆಗೇ ಒಂದು ಹೊಟ್ಟೆಕಿಚ್ಚೂ ಆಯಿತು. ನಾಚಿಕೆಯಾದದ್ದು ಆಮೇಲೆ.

ಮನೆಗೆ ಬಂದು ಬೆಕ್ಕಿನ ಮೈ ಒರೆಸಿ, ಹಾಲು ಕುಡಿಸಿ, ನನ್ನ ತೊಡೆಯ ಮೇಲೆ ಮಲಗಿಸಿದಳು. ಮುಂಗಾಲಿನಲ್ಲಿ ಸಣ್ಣ ಗಾಯ, ಮತ್ತೇನಿಲ್ಲ. ಆಗ ನಾನು ತಪ್ಪಾಯಿತು ಎಂದೆ. ದಣಿದಿದ್ದೆ, ಬಾಯಿ ತಪ್ಪಿ ಆಡಿದೆ, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದೆ. ಅದೇನು ಬಿಡ್ರಿ ಎಂದಳು, ನಕ್ಕಳು ಕೂಡ. ಸೆರಗಿನ ಗಂಟು ಬಿಚ್ಚಿ ಕೀಲಿಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಅದು ನಿನ್ನ ಹತ್ತಿರವೇ ಇರಲಿ, ಮುಂದೆಯೂ ಬೇಕಾಗುತ್ತದೆ ಎಂದೆ.

"ರೊಟ್ಟಿಗಿ ನಾಳಿ ಬರ್ತೀನ್ರಿ ಅಕ್ಕೋರೆ. ಕೀಲಿಕೈ ಮಾತ್ರ ಬ್ಯಾಡ."

ಹೇಳಿದಂತೆ ಮರುದಿನ ಬಂದಳು. ಒಂದು ದಿನವೂ ತಪ್ಪಿಸದೆ ಬಂದಳು. ಆದರೆ ಒಂಬತ್ತು ವರ್ಷ ಸೀದಾ ಅಡುಗೆಮನೆಗೆ ನಡೆದು ಬರುತ್ತಿದ್ದವಳು ಈಗ ಬಾಗಿಲು ಬಡಿದು, ಬಾ ಎನ್ನುವವರೆಗೆ ಹೊರಗೇ ನಿಲ್ಲುತ್ತಾಳೆ. ಬೇಡ ಮಾರಾಯ್ತಿ, ಬಂದುಬಿಡು ಎಂದರೆ ಹೂಂ ಎನ್ನುತ್ತಾಳೆ, ಮರುದಿನ ಮತ್ತೆ ಬಡಿಯುತ್ತಾಳೆ. ಆ ಶಬ್ದ ಕೇಳಿದರೆ ನನಗೆ ಯಾರೋ ಹೊರಗಿನವರು ಬಂದ ಹಾಗಾಗುತ್ತದೆ.

ಈ ವರ್ಷವೂ ಬೆಂಗಳೂರಿನ ಆದೇಶ ಬಂತು. ನಾಲ್ಕು ದಿನ ಮೇಜಿನ ಮೇಲೇ ಇಟ್ಟಿದ್ದೆ, ಅವಳ ಕಣ್ಣಿಗೆ ಬೀಳಲಿ ಎಂದೇ ಇಟ್ಟಿದ್ದೆ. ಅವಳು ನೋಡಿದಳು, ಅದನ್ನು ಎತ್ತಿ ಕೆಳಗಿನ ಧೂಳು ಒರೆಸಿ ಮತ್ತೆ ಅಲ್ಲೇ ಇಟ್ಟಳು. ನನಗೂ ಬಾಯಿ ಬಿಟ್ಟು ಕೇಳಲಾಗಲಿಲ್ಲ, ಕೇಳಿದರೆ ಇಲ್ಲವೆನ್ನುತ್ತಾಳೆಂಬ ಹೆದರಿಕೆಗಿಂತ ನನ್ನ ಮುಖ ನೋಡಿ ಹೂಂ ಎಂದುಬಿಡುತ್ತಾಳೆಂಬ ಹೆದರಿಕೆಯೇ ಹೆಚ್ಚು. ಐದನೆಯ ದಿನ ಡಾಕ್ಟರ ಹತ್ತಿರ ಹೋಗಿ ಸೊಂಟನೋವಿನ ಸರ್ಟಿಫಿಕೇಟು ಬರೆಸಿಕೊಂಡು ಬಂದೆ.

ಸಂಜೆ ಅವಳು ಕೈ ತೊಳೆದು ಹೊರಟಾಗ ಹೊಸ್ತಿಲಲ್ಲಿ ನಿಂತು, ಈ ಸಲ ಪೇಪರಿಗಿ ಹೋಗಂಗಿಲ್ರೇನು ಎಂದು ಕೇಳಿದಳು. ಇಲ್ಲ ಎಂದೆ. ಒದ್ದೆ ಕೈಯನ್ನು ಸೆರಗಿನ ತುದಿಗೆ ಒರೆಸಿಕೊಂಡಳು. ಏನೋ ಹೇಳುತ್ತಾಳೆಂದು ನಾನು ಕಾದೆ.

"ಹಂಗಾದ್ರ ನಾಳಿಗಿ ಎಷ್ಟು ರೊಟ್ಟಿ ಮಾಡಲ್ರಿ?" ಎಂದಳು.

ಎಂದಿನಂತೆ ಎರಡು ಎಂದೆ.