ನಲವತ್ತೊಂದು ಕಾಲು ಬಿಡಿಸಿದ ಸುಂಕದಕ್ಕ

ಬೆಳಗಿನ ಐದೂವರೆ. ಬಂದರಿನ ಮೂರನೇ ಗೇಟಿನ ಮುಂದೆ ಲಾರಿಗಳು ಇನ್ನೂ ಟಾರ್ಪಾಲು ಹೊದ್ದು ಮಲಗಿವೆ. ಗೋಡೆಯ ಪಕ್ಕ, ಬೀದಿದೀಪದ ಕೆಳಗೆ, ನೀಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕೂತು ತೊಡೆಯ ಮೇಲೆ ಫೈಲು ಹರಡಿಕೊಂಡಿದ್ದಾರೆ. ಒಂದೊಂದು ಹಾಳೆಯನ್ನೂ ಎರಡೆರಡು ಸಲ ನೋಡುತ್ತಾರೆ. ಮೊದಲು ಕಣ್ಣಿಂದ, ಆಮೇಲೆ ಬೆರಳಿಂದ. ಸ್ಟೂಲು ಅವರ ಸ್ವಂತದ್ದು. ಇಪ್ಪತ್ತಾರು ವರ್ಷದಲ್ಲಿ ಈ ಬಂದರು ಅವರಿಗೆ ಒಂದು ಕುರ್ಚಿ ಕೊಟ್ಟಿಲ್ಲ. ಇದು ಅವರು ತಂದ ನಾಲ್ಕನೆಯ ಸ್ಟೂಲು.

"ಏನಕ್ಕಾ, ಸ್ಟೂಲಿಗೂ ಪಾಸು ಮಾಡ್ಸಿದ್ದೀಯಾ?" ಎಂದು ಹಮಾಲಿಗಳ ಮೇಸ್ತ್ರಿ ಹಲ್ಲುಜ್ಜುತ್ತಲೇ ಕೇಳುತ್ತಾನೆ.

"ಅದಕ್ಕೆ ಬೇಡಪ್ಪ. ಅದು ಏನು ಅಂತ ನೋಡಿದ್ರೇ ಗೊತ್ತಾಗ್ತದೆ. ಕಾಗದ ಬೇಕಾಗಿರೋದು ನಮಗೇ."

ಬಂದರಿನಲ್ಲಿ ಎಲ್ಲರೂ ಇವರನ್ನು ಕರೆಯುವುದು ಸುಂಕದಕ್ಕ ಎಂದು. ಹೆಸರು ಕೇಳಿದರೆ ಮೇಸ್ತ್ರಿಯೂ ತಲೆ ಕೆರೆದುಕೊಳ್ಳುತ್ತಾನೆ.

ಹೊರದೇಶದ ಕಂಪನಿಯೊಂದು ನಮ್ಮಲ್ಲಿ ಮಾರಲು ಸಾಮಾನು ಕಳಿಸಿತು ಎನ್ನಿ. ಆ ಸಾಮಾನು ಏನು, ಯಾವುದರಿಂದ ಮಾಡಿದ್ದು, ಸುಂಕದ ಪಟ್ಟಿಯ ಯಾವ ಅಧ್ಯಾಯಕ್ಕೆ ಸೇರುತ್ತದೆ, ಅದಕ್ಕೆ ಯಾವ ಪ್ರಮಾಣಪತ್ರ ಬೇಕು, ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ಏನೇನಿರಬೇಕು ಎಂಬುದನ್ನೆಲ್ಲ ಘೋಷಿಸಿ, ಅಧಿಕಾರಿಗೆ ತೋರಿಸಿ, ಒಪ್ಪಿಸಿ ಗೇಟು ದಾಟಿಸುವ ಕೆಲಸ ಇವರದು. "ಹಡಗು ಬಂದು ನಿಂತ ತಕ್ಷಣ ಸಾಮಾನು ಬಂತು ಅಂದ್ಕೋತಾರೆ ಹೊಸಬರು. ಬಂದಿರೋದು ಬಾಗಿಲ ತನಕ. ಒಳಗೆ ಕರ್ಕೊಂಡು ಹೋಗೋಕೆ ಯಾರಾದ್ರೂ ಬೇಕಲ್ಲ" ಎನ್ನುತ್ತಾರೆ.

ಅಂಗಡಿಯ ಗಾಜಿನ ಹಿಂದೆ ಮಿಂಚುವ ವಿದೇಶಿ ಸಾಮಾನನ್ನು ನೋಡಿ ನಾವು ಕಂಪನಿಯನ್ನು ಹೊಗಳುತ್ತೇವೆ. ಸರ್ಕಾರ ಆಮದಿನ ಅಂಕಿಅಂಶ ಹೇಳಿ ಬೆನ್ನು ತಟ್ಟಿಕೊಳ್ಳುತ್ತದೆ. ಈ ಕೆಲಸದ ಲೈಸೆನ್ಸು, ಅಕ್ಕ ದುಡಿಯುವ ಆಫೀಸಿನ ಯಜಮಾನರ ಹವಾನಿಯಂತ್ರಿತ ಕೋಣೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ತೂಗುತ್ತದೆ. ಆ ಲೈಸೆನ್ಸನ್ನು ಹೊತ್ತು ತಿರುಗುವ ಕಾಲುಗಳು ಮಾತ್ರ ದಿನಕ್ಕೆ ಎಂಟು ಶೆಡ್ಡು, ಹನ್ನೊಂದು ಸಾವಿರ ಹೆಜ್ಜೆ ನಡೆಯುತ್ತವೆ. ಅದರಲ್ಲಿ ನಾನೂರು ಹೆಜ್ಜೆ ಬರೀ ಶೌಚಾಲಯಕ್ಕೆ. ತಪಾಸಣೆ ಶೆಡ್ಡಿನಲ್ಲಿ ಹೆಂಗಸರಿಗೆ ಅಂಥದೊಂದು ಬೇಕಾಗಬಹುದೆಂದು ಕಟ್ಟಿದವರಿಗೆ ಹೊಳೆದೇ ಇಲ್ಲ. ಸುಂಕದಕ್ಕ ಹನ್ನೆರಡು ಅರ್ಜಿ ಕೊಟ್ಟಿದ್ದಾರೆ. ಹನ್ನೆರಡಕ್ಕೂ ಸ್ವೀಕೃತಿಯ ಮೊಹರು ಸಿಕ್ಕಿದೆ. ಮೊಹರಿಗೇನು ಬರವಿಲ್ಲ.

ಟೈಪಿಸ್ಟಾಗಿ ಸೇರಿದಾಗ ಅವರಿಗೆ ಇಪ್ಪತ್ತಮೂರು. ಆಫೀಸಿನಲ್ಲಿ ಇದ್ದದ್ದು ಒಂದೇ ಸುಂಕದ ಪುಸ್ತಕ, ಅದೂ ಯಜಮಾನರ ಮೇಜಿನ ಮೇಲೆ. ಅವರು ಊಟಕ್ಕೆ ಹೋದ ಮುಕ್ಕಾಲು ಗಂಟೆಯಲ್ಲಿ ನಿಂತುಕೊಂಡೇ ದಿನಕ್ಕೆರಡು ಪುಟ ಓದಿ, ಬಳಸಿ ಬಿಟ್ಟ ಲಕೋಟೆಗಳ ಹಿಂದೆ ಬರೆದುಕೊಂಡರು. ಮೂರು ವರ್ಷಕ್ಕೆ ಪುಸ್ತಕ ಮುಗಿಯಿತು. ಜೀವಂತ ಕುದುರೆಯಿಂದ ಹಿಡಿದು ಹಳೆಯ ಚಿತ್ರಪಟದವರೆಗೆ, ಲೋಕದಲ್ಲಿ ಹಡಗು ಹತ್ತುವ ಸಕಲ ವಸ್ತುವೂ ಈಗ ಅವರ ಬಾಯಲ್ಲಿದೆ.

ಮನೆಯಲ್ಲೂ ಬಿಡುವಿಲ್ಲ. ಗಂಡ ಗಡಿಯಾರ ರಿಪೇರಿ ಮಾಡುವವರು. ಸುಂಕದ ಪಟ್ಟಿಯಲ್ಲಿ ಗಡಿಯಾರಗಳಿರುವ ಅಧ್ಯಾಯ ಹಿಡಿದು, "ನಮ್ಮೆಜಮಾನ್ರು ತೊಂಬತ್ತೊಂದನೇ ಅಧ್ಯಾಯ" ಎಂದೇ ಪರಿಚಯ ಮಾಡಿಸುತ್ತಾರೆ. ಎಂಬತ್ತು ದಾಟಿದ ಅತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಪರೀಕ್ಷೆ ಇಡುತ್ತಾರೆ.

"ಈ ಸೌಟು?"

"ಎಂಬತ್ತೆರಡು, ಅತ್ತೆ."

"ನಾನು?"

"ನೀವು ಪಟ್ಟಿಯಲ್ಲೇ ಇಲ್ಲ. ನಿಮ್ಮನ್ನ ಯಾರೂ ಆಮದು ಮಾಡ್ಕೊಳ್ಳೋ ಹಾಗಿಲ್ಲ."

"ರಫ್ತು ಮಾಡೋಕೆ ಕಾಯ್ತಿದ್ದೀಯೇನೋ" ಎಂದು ಅತ್ತೆ ಬೊಚ್ಚುಬಾಯಿ ತೆರೆದು ನಗುತ್ತಾರೆ.

ಸುಂಕದಕ್ಕನಿಗೊಂದು ಪದ್ಧತಿಯಿದೆ. ಹೊಸ ಕಂಪನಿ ಯಾವುದೇ ಬರಲಿ, ಒಂದು ಮಾದರಿ ಮೊದಲೇ ಕಳಿಸಬೇಕು. ಅದನ್ನು ಮನೆಗೆ ಒಯ್ದು ಒಂದು ದಿನ ಬಳಸಿ ನೋಡುತ್ತಾರೆ. ಪ್ರತಿ ಸಾಮಾನಿಗೂ ಅವರು ಕೇಳುವುದು ಒಂದೇ ಪ್ರಶ್ನೆ: "ನಿನ್ನ ಕಸುಬೇನು?" ಅದಕ್ಕೆ ಉತ್ತರ ಸಿಗುವತನಕ ಘೋಷಣಾ ಪತ್ರಕ್ಕೆ ಪೆನ್ನು ಇಡುವುದಿಲ್ಲ.

ಈ ಪದ್ಧತಿ ಒಂದು ತಪ್ಪಿನಿಂದ ಹುಟ್ಟಿದ್ದು. ಹನ್ನೊಂದು ವರ್ಷದ ಹಿಂದೆ, ಕಂಪನಿ ಕಳಿಸಿದ ಬಿಲ್ಲಿನಲ್ಲಿ 'ಮಕ್ಕಳ ಪ್ಲಾಸ್ಟಿಕ್ ಕೊಳವೆ' ಎಂದಿತ್ತು. ಕೆಲಸದ ಅವಸರದಲ್ಲಿ ಅಕ್ಕ ಆಟಿಕೆ ಎಂದು ಬರೆದುಬಿಟ್ಟರು. ಆಟಿಕೆಯ ಪ್ರಮಾಣಪತ್ರ ಇಲ್ಲವೆಂದು ಸರಕು ತಗಡಿನ ಶೆಡ್ಡಿನಲ್ಲಿ ಹತ್ತೊಂಬತ್ತು ದಿನ ಬೆಂದಿತು. ಬಿಚ್ಚಿ ನೋಡಿದರೆ ಉಬ್ಬಸದ ಮಕ್ಕಳು ಔಷಧಿ ಎಳೆದುಕೊಳ್ಳುವ ಕೊಳವೆಗಳು. ಅಷ್ಟರಲ್ಲಿ ಸೊಟ್ಟಗಾಗಿ ಹೋಗಿದ್ದವು. "ಯಾರೂ ಬೈಲಿಲ್ಲ ನನಗೆ. ಬೈದಿದ್ರೆ ಅಲ್ಲಿಗೇ ಮುಗಿದುಹೋಗ್ತಿತ್ತು. ಎಷ್ಟು ಮಕ್ಕಳು ಎಷ್ಟು ದಿನ ಏದುಸಿರು ಬಿಟ್ಟವೋ ಅಂತ ಇವತ್ತಿಗೂ ಲೆಕ್ಕ ಸಿಕ್ಕಿಲ್ಲ. ಅವತ್ತಿಂದ ಕೈಯಲ್ಲಿ ಹಿಡೀದೆ ಬರೆಯೋದಿಲ್ಲ."

ಇವತ್ತಿನ ಫೈಲಿನಲ್ಲಿರುವುದು ನಲವತ್ತೊಂದು ಕೃತಕ ಕಾಲು. ಮಂಡಿಯ ಕೆಳಗೆ ಕಾಲು ಕಳೆದುಕೊಂಡವರಿಗೆ ಎಂದು, ಇಲ್ಲಿನ ಕಾಲು ಕಟ್ಟುವ ಕಾರ್ಯಾಗಾರದವರು ಅಳತೆ ತೆಗೆದು ಐದು ತಿಂಗಳ ಹಿಂದೆ ಕಳಿಸಿದ್ದರು. ಮಾಡಿಕೊಟ್ಟದ್ದು ಹೊರದೇಶದ ಒಂದು ಸಣ್ಣ ಕಂಪನಿ. ಇಲ್ಲಿಗೆ ಅದರ ಮೊದಲ ಸರಕು. ಕಾಲು ಕೂರಿಸಿ ನಡೆಸಿ ನೋಡಲು ಕಂಪನಿಯ ತಂತ್ರಜ್ಞ ಬಂದಿಳಿದಾಗಿದೆ, ಇನ್ನು ಮೂರೇ ದಿನ ಇರುತ್ತಾನೆ. ನಾಳೆಯಿಂದ ಸುಂಕದ ಕಚೇರಿಗೆ ಮೂರು ದಿನ ರಜೆ. ಸರಕು ಇವತ್ತು ಸಂಜೆ ನಾಲ್ಕರೊಳಗೆ ಗೇಟು ದಾಟದಿದ್ದರೆ ತಂತ್ರಜ್ಞ ವಾಪಸು, ನಲವತ್ತೊಂದು ಜನ ಮತ್ತೆ ಊರುಗೋಲಿಗೆ.

ಬೆಳಗಿನಿಂದ ಕಾರ್ಯಾಗಾರದ ಮುಖ್ಯಸ್ಥರು ಮೂರು ಸಲ ಫೋನು ಮಾಡಿದ್ದಾರೆ. "ಅಕ್ಕಾ, ಜನ ಆಗಲೇ ಬಂದು ಕೂತಿದ್ದಾರೆ. ನಾಳೆ ಅಂದ್ರೂ ಕೇಳ್ಲಿಲ್ಲ."

"ಕೂತಿರ್ಲಿ. ಎದ್ದು ಹೋಗೋ ಹಾಗೆ ಮಾಡೋಣ."

ಹತ್ತು ಗಂಟೆಗೆ ಶೆಡ್ಡಿನಲ್ಲಿ ಮೂರು ಮರದ ಕ್ರೇಟು ತೆರೆಯುತ್ತವೆ. ಬಂದರಿಗೆ ಹೊಸಬರು ಮಾತ್ರ ಮಾಡಬಲ್ಲ ತಪ್ಪನ್ನು ಕಂಪನಿ ಮಾಡಿದೆ. ಜಾಗ ಉಳಿಯಲೆಂದು ಕಾಲುಗಳನ್ನು ಬಿಚ್ಚಿ, ಒಂದು ಕ್ರೇಟಿನಲ್ಲಿ ಬರೀ ಲೋಹದ ಕೊಳವೆ, ಇನ್ನೊಂದರಲ್ಲಿ ಮೊಂಡುಗಾಲು ಕೂರುವ ಪ್ಲಾಸ್ಟಿಕ್ ಬಟ್ಟಲು, ಮೂರನೆಯದರಲ್ಲಿ ರಬ್ಬರಿನ ಪಾದ ತುಂಬಿ ಕಳಿಸಿದೆ. ತಪಾಸಣೆಯ ಅಧಿಕಾರಿ ಹೊಸಬ, ಇನ್ನೂ ಮೂವತ್ತು ದಾಟಿಲ್ಲ. ಮೂರೂ ಕ್ರೇಟಿನೊಳಗೆ ಇಣುಕಿ, ಘೋಷಣಾ ಪತ್ರ ನೋಡಿ ಹುಬ್ಬೇರಿಸುತ್ತಾನೆ.

"ಇಲ್ಲಿ ಪೈಪಿದೆ, ಅಲ್ಲಿ ಡಬ್ಬ ಇದೆ, ಅದರಲ್ಲಿ ರಬ್ಬರು. ಕಾಲೆಲ್ಲಿ ಮೇಡಂ?"

"ನಿಮ್ಮ ಮುಂದೇ ಇದೆ ಸರ್. ಎದ್ದು ನಿಂತಿಲ್ಲ ಅಷ್ಟೆ."

"ಪೈಪು ಅಂದ್ರೆ ಗುಣಮಟ್ಟದ ಸರ್ಟಿಫಿಕೇಟು ಬೇಕು. ಇಲ್ಲಾಂದ್ರೆ ತಪ್ಪು ಘೋಷಣೆ ಅಂತ ಬರೀಬೇಕಾಗ್ತದೆ. ಬರೆದ್ರೆ ಎಷ್ಟು ವಾರವೋ ನಿಮಗೇ ಗೊತ್ತು."

ಗೊತ್ತು. ಪುಸ್ತಕದ ಮೊದಲ ಪುಟಗಳಲ್ಲೇ ಇರುವ ನಿಯಮವೂ ಅವರಿಗೆ ಗೊತ್ತು: ಬಿಡಿಬಿಡಿಯಾಗಿ ಬಂದರೂ, ಒಟ್ಟಿಗೆ ಬಂದು, ಜೋಡಿಸಿದರೆ ಪೂರ್ತಿ ವಸ್ತುವಾಗುವಂತಿದ್ದರೆ ಅದನ್ನು ಪೂರ್ತಿ ವಸ್ತುವೆಂದೇ ಕಾಣಬೇಕು. ಆದರೆ ನಿಯಮ ಹೇಳುವುದು ಬೇರೆ, ಕಣ್ಣಿಗೆ ತೋರಿಸುವುದು ಬೇರೆ. ಅಕ್ಕ ಕೈಚೀಲದಿಂದ ಸ್ಕ್ರೂ ಬಿಗಿಯುವ ಅಲನ್ ಕೀ ತೆಗೆಯುತ್ತಾರೆ. ಮಾದರಿ ಕಾಲು ಮನೆಗೆ ಬಂದಾಗ, ಅತ್ತೆ ಬಟ್ಟಲು ಹಿಡಿದುಕೊಂಡು, ತೊಂಬತ್ತೊಂದನೇ ಅಧ್ಯಾಯದವರು ಸ್ಕ್ರೂ ಆರಿಸಿಕೊಟ್ಟು, ಅಡುಗೆಮನೆಯ ನೆಲದ ಮೇಲೆ ಅದನ್ನು ಏಳು ಸಲ ಬಿಚ್ಚಿ ಕಟ್ಟಿದ್ದಾರೆ. ಮೊದಲ ಸಲ ಐವತ್ತು ನಿಮಿಷ, ಕೊನೆಯ ಸಲ ಒಂಬತ್ತು.

"ಒಂದೊಂದು ಕಾಲಿನ ಮೂರೂ ಭಾಗಕ್ಕೆ ಒಂದೇ ನಂಬರು ಹಾಕಿದೆ. ನೀವೇ ಒಂದು ನಂಬರು ಹೇಳಿ ಸರ್. ಆಮೇಲೆ ಬೇಕಾದ್ದನ್ನೇ ಆರಿಸ್ಕೊಂಡ್ಲು ಅನ್ನಬಾರದು."

"ಹದಿನೇಳು."

ಹದಿನೇಳನೇ ಬಟ್ಟಲು ಹೊರಬರುತ್ತದೆ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಕಾಲು ಪಡೆಯುವವರ ಪಟ್ಟಿಯಲ್ಲಿ ವಯಸ್ಸು: ಎಂಟು. ಮೇಸ್ತ್ರಿ ಸ್ಟೂಲು ತಂದು ಹಾಕುತ್ತಾನೆ. ಅಕ್ಕ ಸ್ಟೂಲಿನ ಮೇಲೆ ಕೂತು, ಹದಿನೇಳರ ಕೊಳವೆಯನ್ನು ಬಟ್ಟಲಿಗೆ ಸೇರಿಸಿ, ನಾಲ್ಕು ಸ್ಕ್ರೂ ಬಿಗಿದು, ತುದಿಗೆ ಹದಿನೇಳರ ಪಾದ ಕೂರಿಸುತ್ತಾರೆ. ಕೊಳವೆಗೆ ಬೇರೆ ಪಾದ ಸೇರುವುದಿಲ್ಲ ಎಂಬುದನ್ನೂ ಒಂದು ಸಲ ತೋರಿಸುತ್ತಾರೆ. ಎಂಟನೇ ನಿಮಿಷಕ್ಕೆ ಪುಟ್ಟ ಕಾಲೊಂದು ಶೆಡ್ಡಿನ ಸಿಮೆಂಟು ನೆಲದ ಮೇಲೆ, ಯಾರ ಆಸರೆಯೂ ಇಲ್ಲದೆ ನಿಂತಿರುತ್ತದೆ. ಹಮಾಲಿಗಳು ಕೆಲಸ ಬಿಟ್ಟು ಸುತ್ತ ಸೇರಿದ್ದಾರೆ. ಅಧಿಕಾರಿ ಬಗ್ಗಿ ಅದನ್ನು ಮೆಲ್ಲಗೆ ಒತ್ತಿ ನೋಡುತ್ತಾನೆ. ಅಲುಗುವುದಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಗಲೇ ಯಜಮಾನರ ಫೋನು. ಕಂಪನಿಯಿಂದ ಈಗಷ್ಟೇ ಸಂದೇಶ ಬಂದಿದೆ: ಪ್ಯಾಕಿಂಗಿನವರು ಪ್ರೀತಿಯಿಂದ, ಉಡುಗೊರೆ ಎಂದು ಎರಡು ಪಾದ ಹೆಚ್ಚಿಗೆ ಇಟ್ಟಿದ್ದಾರಂತೆ. ಯಾವ ಕಾಗದದಲ್ಲೂ ಅವಿಲ್ಲ.

"ಅವನಾಗಿ ಎಣಿಸಿದ್ರೆ ನೋಡ್ಕೊಳ್ಳೋಣ. ನೀನಾಗಿ ಬಾಯಿ ಬಿಡಬೇಡ" ಎನ್ನುತ್ತಾರೆ ಯಜಮಾನರು.

"ಯಜಮಾನ್ರೇ, ಬಚ್ಚಿಟ್ಟ ಎರಡು ಪಾದ ನಲವತ್ತೊಂದು ಕಾಲನ್ನ ಇಲ್ಲೇ ಕೂರಿಸಿಬಿಡ್ತಾವೆ."

"ಹೇಳಿದ್ದಷ್ಟು ಮಾಡು."

ಅಕ್ಕ ಫೋನು ಚೀಲಕ್ಕೆ ಹಾಕುತ್ತಾರೆ. ಮೂರನೇ ಕ್ರೇಟಿನ ಪಾದಗಳನ್ನು ಒಂದೊಂದಾಗಿ ಎಣಿಸುತ್ತಾರೆ: ಹೌದು, ಎರಡು ಹೆಚ್ಚು. ಮುಖದಲ್ಲಿ ಭಯವಿದೆ, ಅದನ್ನವರು ಮುಚ್ಚಿಡುವುದಿಲ್ಲ. ಆಮೇಲೆ ಮೂರನೇ ಕ್ರೇಟಿನ ತಳಕ್ಕೆ ಕೈಹಾಕಿ ಎರಡು ಪಾದ ತೆಗೆದು ಅಧಿಕಾರಿಯ ಮೇಜಿನ ಮೇಲೆ ಜೋಡಿಸಿಡುತ್ತಾರೆ.

"ಇವೆರಡು ಲೆಕ್ಕಕ್ಕಿಲ್ಲ ಸರ್. ನಮಗೂ ಈಗಲೇ ಗೊತ್ತಾಗಿದ್ದು. ಇವನ್ನ ಹಿಡ್ಕೊಳ್ಳಿ, ಬೇಕಾದ್ದು ಬರೀರಿ. ಆ ನಲವತ್ತೊಂದನ್ನ ಬಿಡಿ."

ಅಧಿಕಾರಿ ಪಾದಗಳನ್ನೂ ಅಕ್ಕನನ್ನೂ ಬಾರಿಬಾರಿಗೆ ನೋಡುತ್ತಾನೆ. "ನಾನು ಎಣಿಸ್ತಿದ್ದೆ ಅಂತ ಅನ್ಕೊಂಡ್ರಾ?"

"ಇಲ್ಲ ಸರ್. ನಾನು ಎಣಿಸಿಬಿಟ್ಟಿದ್ದೆ."

ಆತ ಎಲ್ಲವನ್ನೂ ಎಣಿಸುತ್ತಾನೆ. ಕೊಳವೆ ನಲವತ್ತೊಂದು, ಬಟ್ಟಲು ನಲವತ್ತೊಂದು, ಪಾದ ನಲವತ್ತೊಂದು. ಮೇಜಿನ ಮೇಲಿನ ಎರಡಕ್ಕೆ ಬೇರೆ ಚೀಟಿ ಕಟ್ಟಿ ಕಪಾಟಿಗೆ ಸೇರಿಸುತ್ತಾನೆ. ಊಟದ ಹೊತ್ತು ಕಳೆದು, ಮೇಲಧಿಕಾರಿಯ ಸಹಿಗೆ ಎರಡು ಮಹಡಿ ಹತ್ತಿಳಿದು, ಮೂರು ಗಂಟೆ ಮೂವತ್ತೆಂಟು ನಿಮಿಷಕ್ಕೆ ಮೊಹರು ಬೀಳುತ್ತದೆ. ಹೊರಹೋಗುವ ಕಾಗದದಲ್ಲಿ ಯಜಮಾನರ ಹೆಸರಿದೆ, ಲೈಸೆನ್ಸಿನ ಸಂಖ್ಯೆಯಿದೆ, ಅಧಿಕಾರಿಯ ಹೆಸರಿದೆ, ಲಾರಿಯ ನಂಬರು ಕೂಡ ಇದೆ. ಇಲ್ಲದಿರುವುದು ಯಾರ ಹೆಸರೆಂದು ಓದುಗರಿಗೆ ಹೇಳಬೇಕಿಲ್ಲ. ಕೆಲಸ ಮಾಡಿದ ಕೈಗೆ ಒಂದು ಕಾಲಂ ಕೊಡದ ನಮೂನೆಗಳನ್ನು ಛಾಪಿಸುತ್ತಲೇ ಇರುವ ವ್ಯವಸ್ಥೆಗೆ ನಾಚಿಕೆಯೆಂಬುದನ್ನು ಯಾವ ದೇಶದಿಂದ ತರಿಸಬೇಕೋ ತಿಳಿಯದು.

ಲಾರಿ ಗೇಟು ದಾಟುವಾಗ ಅಕ್ಕ ಸ್ಟೂಲಿನ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಾರೆ. ಕಾರ್ಯಾಗಾರದವರ ಫೋನು ಬರುತ್ತದೆ: ನಾಳೆ ನೀವೂ ಬನ್ನಿ, ನಡೆಯೋದನ್ನ ನೋಡಿ. "ಮನಸ್ಸೇನೋ ಇದೆ. ಗೇಟಿನ ಆಚೆ ಸಾಮಾನು ತನ್ನ ಕಸುಬು ಮಾಡೋದನ್ನ ನಾನು ಒಂದ್ಸಲಾನೂ ನೋಡಿಲ್ಲ" ಎನ್ನುತ್ತಾರೆ. "ಆದ್ರೆ ರಜೆ ಇರೋದು ಸುಂಕದ ಕಚೇರಿಗೆ, ನಮ್ಮ ಆಫೀಸಿಗಲ್ಲ. ಹದಿನೇಳನೇ ನಂಬರಿನ ಮಗು ನಡೆದಾಗ ಒಂದು ಫೋನು ಮಾಡಿ. ಹೆಜ್ಜೆ ಸದ್ದು ಕೇಳಿಸಿದ್ರೆ ಸಾಕು."

ಆಮೇಲೆ ಚೀಲದಿಂದ ಬೆಳಗಿನಿಂದಲೂ ಮಡಿಸಿಟ್ಟಿದ್ದ ಹಾಳೆಯೊಂದು ಹೊರಬರುತ್ತದೆ. ಬಂದರಿನ ಪಾಸಿನ ನವೀಕರಣದ ಅರ್ಜಿ. ರಜೆ ಮುಗಿದ ದಿನವೇ ಕೊಡಬೇಕು, ಯಜಮಾನರ ಸಹಿ ಬೇಕು. ಅವರ ಮಾತು ಮೀರಿದ ದಿನವೇ ಈ ಅರ್ಜಿಯನ್ನೂ ತುಂಬಬೇಕಾಗಿ ಬಂದಿದೆ. ಇಪ್ಪತ್ತಾರು ವರ್ಷದಿಂದಲೂ ಅದರ ಉದ್ಯೋಗದ ಕಾಲಂನಲ್ಲಿ ಆಫೀಸಿನವರು ತುಂಬಿಸುತ್ತ ಬಂದದ್ದು ಒಂದೇ ಪದ: 'ಸಹಾಯಕಿ'. ಈ ಸಲ ಅಕ್ಕ ಅದನ್ನು ಖಾಲಿ ಬಿಡಿಸಿಕೊಂಡು ತಂದಿದ್ದಾರೆ.

"ಲೋಕದ ಸಾಮಾನಿಗೆಲ್ಲ ಸರಿಯಾದ ಹೆಸರು ಬರೀತೀನಿ. ನಾನು ಮಾತ್ರ ದಿನಾ ತಪ್ಪು ಘೋಷಣೆ ಮೇಲೆ ಈ ಗೇಟು ದಾಟ್ತಿದ್ದೆ" ಎನ್ನುತ್ತ ಫೈಲನ್ನು ತೊಡೆಯ ಮೇಲಿಟ್ಟುಕೊಂಡು, ಗುಂಡಗಿನ ಅಕ್ಷರದಲ್ಲಿ ನಿಧಾನವಾಗಿ ಬರೆಯುತ್ತಾರೆ: 'ಸುಂಕ ಪಟ್ಟಿ ಮತ್ತು ಸರಕು ತಪಾಸಣೆಯ ಪರಿಣತೆ.'

ಮೇಸ್ತ್ರಿ ಭುಜದ ಮೇಲಿಂದ ಬಗ್ಗಿ ಓದುತ್ತಾನೆ. "ಯಜಮಾನ್ರು ಒಪ್ತಾರಾ ಅಕ್ಕಾ?"

ಅಕ್ಕ ಪೆನ್ನಿನ ಮುಚ್ಚಳ ಹಾಕಿ, ಸ್ಟೂಲು ಎತ್ತಿಕೊಂಡು ಏಳುತ್ತಾರೆ.

"ಅನುಮಾನ ಇದ್ರೆ ಬಿಚ್ಚಿ ನೋಡ್ಲಿ. ಸಾಮಾನು ಬರೆದ ಹಾಗೇ ಇದೆ."