ಮೇವಿಸ್ ರೆಲ್ಫಳ ಬೇಸಿಗೆ ನಾಯಿ

ಮೇವಿಸ್ ರೆಲ್ಫಳ ಅಂಗಳದಲ್ಲಿ ಆ ಹಸಿರು ಕಾರನ್ನು ಮೊದಲು ನೋಡಿದವನು ನಾನೇ. ಅವಳ ಮೇಲಿನ ಹೊಲದ ಕಲ್ಲುಗೋಡೆ ಕುಸಿದಿತ್ತು, ಕಟ್ಟಿಕೊಡಲು ಹೋಗಿದ್ದೆ. ಗೋಡೆ ಕಟ್ಟುವವನು ಬಗ್ಗಿಕೊಂಡು ಕಲ್ಲು ಮಾತ್ರ ನೋಡುತ್ತಾನೆ ಅಂತ ಜನ ಅಂದುಕೊಂಡಿದ್ದಾರೆ. ನಾನು ತಲೆ ಎತ್ತಿ ನೋಡುವುದೇ ಜಾಸ್ತಿ. ಕಾರಿನ ಹಿಂದಿನ ಗಾಜಿಗೆ ನರಿಯ ಮುಖದ ಚಿತ್ರ ಅಂಟಿಸಿತ್ತು. ನಮ್ಮ ಕಣಿವೆಯಲ್ಲಿ ನರಿ ಮುಖ ಅಂಟಿಸಿಕೊಂಡು ತಿರುಗುವವರು ಯಾರೂ ಇಲ್ಲ. ಅಷ್ಟು ಸಾಕಾಯಿತು ನನಗೆ.

ಮೇವಿಸ್ ನನಗೆ ಇವತ್ತು ನಿನ್ನೆ ಗೊತ್ತಾದವಳಲ್ಲ. ಒಂದೇ ಬೆಂಚಿನಲ್ಲಿ ಕೂತು ಓದಿದವರು ನಾವು. ಗಂಡ ಹೋದ ಮೇಲೆ ಬೆಟ್ಟದ ಕುರಿಗಳನ್ನೆಲ್ಲ ಒಬ್ಬಳೇ ನೋಡಿಕೊಂಡಳು, ಯಾರ ಹತ್ತಿರವೂ ಅಯ್ಯೋ ಅನ್ನಲಿಲ್ಲ. ಅವಳ ಜೀವ ಇದ್ದದ್ದು ಬೇಟೆನಾಯಿಗಳ ಮೇಲೆ. ಉತ್ತರ ಇಂಗ್ಲೆಂಡಿನ ಕಂಬ್ರಿಯಾದ ಈ ಬೆಟ್ಟಗಳಲ್ಲಿ ಬೇಟೆ ಅಂದರೆ ಕುದುರೆ, ಕೆಂಪು ಕೋಟು ಅಂತೆಲ್ಲ ಏನೂ ಇಲ್ಲ. ಇಲ್ಲಿಗೆ ಕುದುರೆ ತಂದರೆ ಕಾಲು ಮುರಿದುಕೊಂಡು ಸಾಯುತ್ತದೆ. ನಾಯಿಗಳು ಮುಂದೆ ಓಡುತ್ತವೆ, ನಾವು ಕೋಲು ಊರಿಕೊಂಡು ಏದುಸಿರು ಬಿಡುತ್ತಾ ಹಿಂದೆ ಹೋಗುತ್ತೇವೆ. ಆ ನಾಯಿಗಳು ಮರಿಯಾಗಿದ್ದಾಗ ಒಂದೊಂದು ರೈತರ ಮನೆಯಲ್ಲಿ ಬೆಳೆಯುತ್ತವೆ. ಚಳಿಗಾಲವೆಲ್ಲ ನಮ್ಮ ಬೇಟೆ ಸಂಘದ ದೊಡ್ಡಿಯಲ್ಲಿದ್ದು, ಬೇಸಿಗೆಗೆ ಮತ್ತೆ ಬೆಳೆದ ಮನೆಗೇ ಬರುತ್ತವೆ. ತವರಿಗೆ ಬಂದ ಹಾಗೆ. ಮೇವಿಸ್ ಮನೆಗೆ ಹೀಗೆ ಬರುತ್ತಿದ್ದದ್ದು ಡೇಂಟಿ ಅನ್ನುವ ಹೆಣ್ಣುನಾಯಿ. ಆ ಹಸಿರು ಕಾರು ಬಂದ ಹೊತ್ತಿಗೆ ಅದಕ್ಕೆ ಮೂತಿ ನರೆತಿತ್ತು.

ನರಿಯ ಹಿಂದೆ ನಾಯಿ ಬಿಟ್ಟು ಬೇಟೆ ಆಡುವುದನ್ನೇ ನಿಲ್ಲಿಸುವ ಕಾನೂನು ಬರುತ್ತದೆ ಅಂದಾಗ ನಮ್ಮಲ್ಲೆಲ್ಲ ಮೊದಲು ಎದ್ದು ನಿಂತವಳು ಅವಳೇ. ಸಂತೆ ದಿನ ಪೇಟೆಯಲ್ಲಿ ಒಂದು ಮೇಜು ಹಾಕಿ, ಕೆಳಗೆ ಡೇಂಟಿಯನ್ನು ಮಲಗಿಸಿ, ಕಾನೂನು ಬೇಡ ಅಂತ ಸಹಿ ಹಾಕಿಸುತ್ತಿದ್ದಳು. ಸಹಿ ಹಾಕಿ ಅಂತ ಬಾಯಿ ಬಿಟ್ಟು ಕೇಳಿದವಳೇ ಅಲ್ಲ. ನಾಯಿಯ ತಲೆ ಸವರಲು ಬಗ್ಗಿದವರು ಮೇಲೇಳುವಷ್ಟರಲ್ಲಿ ಕೈಗೆ ಪೆನ್ನು ಕೊಟ್ಟಿರುತ್ತಿದ್ದಳು. ನಾವೆಲ್ಲ ಬಸ್ಸು ಮಾಡಿಕೊಂಡು ಲಂಡನ್ನಿಗೆ ಮೆರವಣಿಗೆ ಹೋದಾಗ ಮಾತ್ರ ಅವಳು ಬರಲಿಲ್ಲ. ಕುರಿ ಸಂತೆ ಇದೆ, ಕೂಗೋಕೆ ನೀವೇ ಸಾಕು ಅಂದಳು. ಆವತ್ತೇ ನನ್ನ ಮನಸ್ಸಿಗೆ ಒಂದು ಮುಳ್ಳು ಹೊಕ್ಕಿತ್ತು ಅಂತೀನಿ.

ನಾವು ಎಷ್ಟು ಕೂಗಿದರೂ ಕಾನೂನು ಬಂದೇಬಂತು. ಆಮೇಲೆ ನಾವು ನರಿಯ ವಾಸನೆ ಹಚ್ಚಿದ ಬಟ್ಟೆಯನ್ನು ಬೆಟ್ಟದ ಮೇಲೆ ಎಳೆದುಕೊಂಡು ಹೋಗಿ, ಅದರ ಹಿಂದೆ ನಾಯಿ ಬಿಡುತ್ತಿದ್ದೆವು. ಅದಕ್ಕೆ ಅಡ್ಡಿಯಿಲ್ಲ. ನಡುವೆ ನಿಜವಾದ ನರಿಯೇ ಎದ್ದು ಓಡಿದರೆ? ನಾಯಿಗೆ ಕಾನೂನು ಓದಲು ಬರುವುದಿಲ್ಲವಲ್ಲ. ಇದನ್ನು ಹಿಡಿಯಲೆಂದೇ ಬೇಟೆ ಬೇಡ ಅನ್ನುವವರು ಕ್ಯಾಮೆರಾ ಹಿಡಿದು ಬರತೊಡಗಿದರು. ಒಂದು ಸಲ ಸರಿಯಾಗಿ ಸಿಕ್ಕಿಬಿದ್ದರೆ ಬೇಟೆಯಲ್ಲಿ ನಾಯಿಗಳನ್ನು ನಡೆಸುವ ಎರಿಕ್ ಮಾಸನ್ ಕೋರ್ಟು ಹತ್ತಬೇಕು, ಸಂಘ ಮುಚ್ಚಬೇಕು, ಕಾನೂನು ತೆಗೆಸಬೇಕೆಂಬ ನಮ್ಮ ಹೋರಾಟದ ಬಾಯಿಗೂ ಮಣ್ಣು.

ಹಾಗಾಗಿ ಯಾವ ಕಣಿವೆಯಲ್ಲಿ ಸೇರುತ್ತೇವೆ ಅನ್ನುವುದನ್ನು ಬರೆದು ಹಾಕುವುದು ಬಿಟ್ಟೆವು. ಫೋನಿನಲ್ಲೂ ಹೇಳಲಿಲ್ಲ, ಕಿವಿಯಿಂದ ಕಿವಿಗೆ ಅಷ್ಟೆ. ಆದರೂ ಶನಿವಾರ ಬೆಳಗ್ಗೆ ನಾವು ಬೆಟ್ಟ ಹತ್ತಿದರೆ ಆ ಪುಣ್ಯಾತ್ಮರು ಆಗಲೇ ಮೇಲೆ ಬಂಡೆಯ ಮೇಲೆ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿರುತ್ತಿದ್ದರು. ಯಾರೋ ಒಳಗಿನವರೇ ಹೇಳುತ್ತಿದ್ದಾರೆ ಅನ್ನುವುದು ಖಾತ್ರಿಯಾಯಿತು. ಅಂಚೆಯವನ ಮೇಲೆ ಅನುಮಾನ ಬಂತು, ದನದ ಡಾಕ್ಟರ ಮೇಲೆ ಬಂತು. ನನ್ನ ಹೆಂಡತಿಯ ತಮ್ಮನ ಮೇಲೆ ನನಗೆ ಮೊದಲಿಂದಲೂ ಇತ್ತು. ಪಬ್ಬಿನಲ್ಲಿ ಒಬ್ಬ ಒಳಗೆ ಬಂದರೆ ಇನ್ನೊಬ್ಬ ಮಾತು ನಿಲ್ಲಿಸುವ ಹಾಗಾಯಿತು.

ಅಂಥ ಹೊತ್ತಿನಲ್ಲಿ ಹಸಿರು ಕಾರು ನನ್ನ ಕಣ್ಣಿಗೆ ಬಿತ್ತು. ಅದರಿಂದ ಇಳಿದ ಹುಡುಗಿಯನ್ನು ನಾನು ಬಂಡೆಯ ಮೇಲೆ ಕ್ಯಾಮೆರಾ ಹಿಡಿದಿದ್ದಾಗಲೇ ನೋಡಿದ್ದೆ. ಮೇವಿಸ್ ಬಾಗಿಲಿಗೆ ಬಂದು ಅವಳನ್ನು ಒಳಗೆ ಕರೆದುಕೊಂಡು ಹೋದಳು. ಬಹಳ ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಸಂಜೆಯೇ ಹೋಗಿ ಎರಿಕ್‌ಗೆ ಹೇಳಿದೆ. ಏನು ಹೇಳಿದೆ? ಕಾರು ಇತ್ತು ಅಂದೆ. ಇತ್ತಲ್ಲ!

ಬೇಸಿಗೆಗೆ ನಾಯಿ ಹಂಚುವಾಗ ಸಂಘದ ಕಮಿಟಿ ಡೇಂಟಿಯನ್ನು ಮೇವಿಸ್‌ಗೆ ಕೊಡಲಿಲ್ಲ. ಬೆಟ್ಟದ ಆಚೆ ಬದಿಯ ಒಂದು ಮನೆಗೆ ಕಳಿಸಿತು. ನಮ್ಮಲ್ಲಿ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ಚರ್ಚಿನಿಂದ ಹೊರಗೆ ಹಾಕಿದರೂ ಪರವಾಗಿಲ್ಲ, ಮನೆಯ ನಾಯಿ ಮನೆಗೆ ಬರಲಿಲ್ಲ ಅಂದರೆ ಆ ಮನೆಯನ್ನೇ ಯಾರೂ ನಂಬುವುದಿಲ್ಲ ಅಂತ ಅರ್ಥ. ಹೇಳಲು ಹೋದ ಎರಿಕ್ ತನ್ನ ಬೂಟು ನೋಡಿಕೊಂಡು ಕಮಿಟಿ ತೀರ್ಮಾನ ಅಂದನಂತೆ. ಡೇಂಟಿಗೆ ವಯಸ್ಸಾಗಿದೆ, ಇದೇ ಅದರ ಕೊನೇ ಬೇಸಿಗೆ ಇರಬಹುದು ಅಂತ ಅವಳು ಅಂದಳಂತೆ. ಅವನು ವ್ಯಾನು ಹತ್ತಿ ಬಂದ. ಆಮೇಲೆ ಪಬ್ಬಿನಲ್ಲಾಗಲಿ ಕುರಿ ಸಂತೆಯಲ್ಲಾಗಲಿ ಅವಳ ಪಕ್ಕ ಯಾರೂ ನಿಲ್ಲಲಿಲ್ಲ. ನಾನೂ ನಿಲ್ಲಲಿಲ್ಲ.

ಸ್ವಲ್ಪ ದಿನ ಕಳೆಯಿತು. ಒಂದು ಸಂಜೆ ಡಾಟ್ ನಡೆಸುವ ಪಬ್ಬಿನಲ್ಲಿ ಕಮಿಟಿ ಕೂತಿದ್ದೆವು. ಬಾಗಿಲು ತಳ್ಳಿಕೊಂಡು ಮೇವಿಸ್ ಬಂದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಡೇಂಟಿ. ಬೆಟ್ಟ ದಾಟಿ ಬಂದ ಮುದಿ ನಾಯಿಯ ಪಾದ ತರಚಿ ರಕ್ತ ಒಣಗಿತ್ತು.

"ತಗೊಳ್ಳಿ ನಿಮ್ಮ ನಾಯಿ," ಅಂದಳು. "ನಾನು ಕರೀಲಿಲ್ಲ. ಅದಾಗೇ ಬಂತು."

"ಹಸಿರು ಕಾರೂ ಅದಾಗೇ ಬಂತಾ?" ಅಂತ ನಾನು ಕೇಳಿಯೇಬಿಟ್ಟೆ.

"ಇಲ್ಲ ವಿಲ್ಫ್, ಅದನ್ನ ನಾನೇ ಕರೆದೆ," ಅಂದಳು, ಮುಖಕ್ಕೆ ಮುಖ ಕೊಟ್ಟು. ಚಳಿಗಾಲದಲ್ಲಿ ಆ ಹುಡುಗಿ, ಫ್ರೇಯಾ ಅಂತ ಹೆಸರು, ಕಾಲು ಉಳುಕಿಸಿಕೊಂಡು ಇವಳ ಗೋಡೆಯ ಪಕ್ಕ ಕೂತಿದ್ದಳಂತೆ. ಒಳಗೆ ಕರೆದು ಟೀ ಕೊಟ್ಟಳಂತೆ. ಅವತ್ತು ಶುರುವಾದ ಜಗಳ ಮುಗಿದಿಲ್ಲವಂತೆ. ಹುಡುಗಿ ವಾರವಾರ ಬರುತ್ತಾಳೆ, ಇವಳು ನರಿ ತಿಂದ ಕುರಿಮರಿ ತೋರಿಸುತ್ತಾಳೆ, ಅವಳು ಬೇರೆ ಏನೋ ವಾದ ಮಾಡುತ್ತಾಳೆ. "ನೀವೆಲ್ಲ ಲಂಡನ್ನಿಗೆ ಹೋಗಿ ಕೂಗಿದ್ರಲ್ಲ, ಕೇಳಿಸಿಕೊಂಡೋರು ಯಾರು? ನನಗೆ ಒಬ್ಬಳು ಸಿಕ್ಕಿದ್ದಾಳೆ, ಕೂತು ಕೇಳೋಳು. ಬಿಡ್ತೀನಾ?"

ಎರಿಕ್ ಕೆಮ್ಮಿದ. ಹಾಗಾದರೆ ಜಾಗ ಹೇಳಿದ್ದು ಯಾರು ಅಂತ ಕೇಳಿದ.

ಮೇವಿಸ್ ಡಾಟ್ ಕಡೆ ತಿರುಗಿದಳು. ಬೇಟೆ ಯಾವ ಕಣಿವೆಯಲ್ಲಿ ನಡೆಯುತ್ತದೋ ಆ ಸಂಜೆ ಅಲ್ಲಿಯ ಪಬ್ಬಿನಲ್ಲಿ ಟೇಟಿ ಪಾಟ್ ಊಟ ಆಗಲೇಬೇಕು. ಕುರಿಮಾಂಸ, ಆಲೂಗಡ್ಡೆ, ಮೇಲೆ ರಕ್ತದಲ್ಲಿ ಮಾಡಿದ ಕರಿ ಪುಡ್ಡಿಂಗ್ ಇಲ್ಲದೆ ನಮ್ಮಲ್ಲಿ ಬೇಟೆ ಮುಗಿಯುವುದಿಲ್ಲ. ಕರಿ ಪುಡ್ಡಿಂಗ್ ಎಲ್ಲಿಂದ ತರಿಸುತ್ತೀಯ ಅಂತ ಮೇವಿಸ್ ಕೇಳಿದಳು. ಪೇಟೆಯ ಮಾಂಸದಂಗಡಿಯಿಂದ, ಎಲ್ಲ ಪಬ್ಬಿನವರೂ ಅಲ್ಲಿಂದಲೇ ಅಲ್ಲವೇ ಅಂದಳು ಡಾಟ್.

"ಆ ಅಂಗಡಿ ಮಹಡಿ ಮೇಲೆ ಬಾಡಿಗೆಗಿರೋದು ಫ್ರೇಯಾ," ಅಂದಳು ಮೇವಿಸ್. "ಶುಕ್ರವಾರ ಸಂಜೆ ಮೆಟ್ಟಿಲ ಹತ್ತಿರ ಯಾವ ಪಬ್ಬಿನ ಹೆಸರು ಬರೆದ ಪುಡ್ಡಿಂಗ್ ಪೆಟ್ಟಿಗೆ ಜಾಸ್ತಿ ಇರುತ್ತೋ, ಬೆಳಗ್ಗೆ ಆ ಕಣಿವೆಗೆ ಹೋಗ್ತಾರೆ. ನನ್ನ ಕೈಯಿಂದ ಡೇಂಟಿ ಹೋಯ್ತು ಅಂತ ಗೊತ್ತಾದ ಮೇಲೆ ಅವಳೇ ಬಾಯಿಬಿಟ್ಟಳು. ಅವಳ ಕಡೆಯವರಿಗೆ ಗೊತ್ತಾದರೆ ಅವಳನ್ನೂ ಹೊರಗೆ ಹಾಕ್ತಾರೆ. ನಿಮ್ಮ ಬಾಯಿಗೆ ಬೀಗ ಹಾಕಿದ್ರಿ ಸರಿ. ಹೊಟ್ಟೆಗೆ ಹಾಕೋದು ಮರೆತ್ರಿ."

ಡಾಟ್ ಕೆಂಪಗಾಗಿ ಗ್ಲಾಸು ಒರೆಸುತ್ತಾ ನಿಂತಳು. ಎರಿಕ್ ಎದ್ದು, ಹಗ್ಗ ನಿನ್ನ ಹತ್ತಿರವೇ ಇರಲಿ ಮೇವಿಸ್, ನಾಯಿ ಕರೆದುಕೊಂಡು ಹೋಗು ಅಂದ. ಅಷ್ಟು ಸುಲಭವಾಗಿ ಬಿಡುವುದು ನನಗೆ ಸರಿ ಕಾಣಲಿಲ್ಲ. ಕಥೆ ಚೆನ್ನಾಗಿಯೇ ಇದೆ, ನಿಜವೂ ಇರಬಹುದು, ಆದರೆ ಆ ಹುಡುಗಿ ನಾಳೆ ಇನ್ನೇನು ಕೇಳಿಸಿಕೊಂಡು ಹೋಗುತ್ತಾಳೋ ಯಾರಿಗೆ ಗೊತ್ತು? ನಾಯಿ ತಗೊಂಡು ಹೋಗಲಿ, ಹುಡುಗಿ ಇನ್ನು ಆ ಮನೆ ಹೊಸಿಲು ತುಳಿಯಕೂಡದು ಅಂದೆ. ಉಳಿದವರೂ ಹೌದು ಹೌದು ಅಂತ ತಲೆ ಆಡಿಸಿದರು.

ಮೇವಿಸ್ ಡೇಂಟಿಯ ಕಿವಿಯನ್ನು ಬೆರಳಿನಿಂದ ಸವರಿದಳು. ಅದು ಅವಳ ಮೊಣಕಾಲಿಗೆ ಒರಗಿಕೊಂಡಿತ್ತು.

"ನಾವು ಹೇಗೆ ಬದುಕಬೇಕು ಅಂತ ಲಂಡನ್ನಿನೋರು ಹೇಳಬಾರದು ಅಂತ ತಾನೇ ಇಷ್ಟು ವರ್ಷ ಮಳೆಯಲ್ಲಿ ನಿಂತು ಸಹಿ ಹಾಕಿಸಿದ್ದು ನಾನು?" ಅಂದಳು. "ಈಗ ನನ್ನ ಅಡುಗೆಮನೆಗೆ ಯಾರು ಬರಬೇಕು ಅಂತ ನೀನು ಹೇಳ್ತೀಯೇನೋ, ವಿಲ್ಫ್?"

ಹಗ್ಗವನ್ನು ಮೇಜಿನ ಕಾಲಿಗೆ ಕಟ್ಟಿ ಹೊರಟಳು. ಡೇಂಟಿ ಬಾಗಿಲ ಕಡೆಗೆ ಜಗ್ಗಿದ ರಭಸಕ್ಕೆ ಮೇಜೇ ಜರುಗಿ ನನ್ನ ಬಿಯರ್ ತೊಡೆ ಮೇಲೆ ಚೆಲ್ಲಿತು. ಯಾರೂ ನಗಲಿಲ್ಲ.

ಮರುದಿನ ನಾನು ಮತ್ತೆ ಆ ಗೋಡೆಯ ಹತ್ತಿರ ಇದ್ದೆ. ಕೆಲಸ ಬಾಕಿ ಇತ್ತು, ಇಣುಕೋಕೆ ಹೋದದ್ದಲ್ಲ. ಅಂಗಳದಲ್ಲಿ ಹಸಿರು ಕಾರು ಇತ್ತು. ಎರಿಕ್‌ನ ವ್ಯಾನು ಬಂದು ಗೇಟಿನ ಹತ್ತಿರ ನಿಂತಿತು. ಕಮಿಟಿಯನ್ನು ಕೇಳಿರಲಿಲ್ಲ ಅವನು, ನಾನು ಕಮಿಟಿಯಲ್ಲಿದ್ದೀನಲ್ಲ, ನನಗೆ ಗೊತ್ತು. ಹಸಿರು ಕಾರನ್ನು ಒಂದು ಗಳಿಗೆ ನೋಡಿದ. ಆಮೇಲೆ ವ್ಯಾನಿನ ಹಿಂಬಾಗಿಲು ತೆಗೆದ. ಡೇಂಟಿ ಇಳಿದು, ಕುಂಟುತ್ತಾ ಸೀದಾ ಅಡುಗೆಮನೆಗೆ ಹೋಯಿತು. ಎರಿಕ್ ವ್ಯಾನು ತಿರುಗಿಸಿಕೊಂಡು ಹೋದ. ಚಳಿಗಾಲಕ್ಕೆ ಉಳಿದ ನಾಯಿಗಳನ್ನೆಲ್ಲ ಒಟ್ಟು ಮಾಡಲು ಬಂದಾಗಲೂ ಆ ಗೇಟಿನಲ್ಲಿ ನಿಲ್ಲಿಸಲಿಲ್ಲ.

ಡಾಟ್ ಈಗ ಕರಿ ಪುಡ್ಡಿಂಗನ್ನು ಬೇರೆ ಊರಿನಿಂದ ತರಿಸುತ್ತಾಳೆ. ಸಪ್ಪೆ ಸಪ್ಪೆ.

ಮೊನ್ನೆ ಸಂತೆಗೆ ಹೋಗಿದ್ದೆ. ಕಾನೂನು ತೆಗೆಯಿರಿ ಅಂತ ಮೇವಿಸ್ ಮತ್ತೆ ಮೇಜು ಹಾಕಿದ್ದಳು. ಮೇಜಿನ ಪಕ್ಕ ಡೇಂಟಿಯ ಹಗ್ಗ ಹಿಡಿದುಕೊಂಡು ನಿಂತಿದ್ದವಳು ಫ್ರೇಯಾ. ನನಗೆ ಮೈಯೆಲ್ಲ ಉರಿಯಿತು. ಸಹಿ ಹಾಕಿದ್ದೀಯಾ ಅಂತ ಹುಡುಗಿಯನ್ನೇ ಕೇಳಿದೆ. ಇಲ್ಲ, ಹಾಕುವುದೂ ಇಲ್ಲ, ನಿಮ್ಮನ್ನು ಹಿಡಿದೇ ಹಿಡೀತೀನಿ ಅಂದಳು, ಹಗ್ಗ ಬಿಡದೆ. ನಾನು ಮೇವಿಸ್ ಮುಖ ನೋಡಿದೆ, ಕೇಳಿದೆಯಾ ಅನ್ನುವ ಹಾಗೆ.

"ನಿನಗಿಂತ ವಾಸಿ ಕಣೋ," ಅಂದಳು ಮೇವಿಸ್. "ಎದುರಿಗೇ ಹೇಳ್ತಾಳೆ."

ಡೇಂಟಿ ನನ್ನ ಕೈ ಮೂಸಿತು. ನಾನು ಬಗ್ಗಿ ಅದರ ತಲೆ ಸವರಿ ಮೇಲೆದ್ದಾಗ ಮೇವಿಸ್ ಪೆನ್ನು ಹಿಡಿದು ಕಾಯುತ್ತಿದ್ದಳು. ಇಸಕೊಂಡು ಸಹಿ ಹಾಕಿದೆ.